‘ಸರಿ’ ಎಡಕ್ಕೋ, ಬಲಕ್ಕೋ

ಮಾರ್ಚ್ ೩, ಸೋಮವಾರ
ಬೆಳಗಿನ ಪಾಳಿ. ಮೈಕ್ ಒರೆಸಿ ಕೂತರೆ ಕಂಪ್ಯೂಟರ್ ಪರದೆಯೇ ಬೇರೆ. ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಸಾಫ್ಟ್‌ವೇರ್ ಹೊಸದಾಗಿದೆಯಂತೆ. ಹಸಿರು, ಕೆಂಪು ಬಟನ್‌ಗಳು ಹೋಗಿ ಎಲ್ಲವೂ ಬೂದು. ಯಾವುದು ಬಟನ್, ಯಾವುದು ಬರೀ ಅಕ್ಷರ, ದೇವರಿಗೇ ಗೊತ್ತು. ‘ಸರಿ’ ಒಂದು ವಿಂಡೋದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ! ಸಾಫ್ಟ್‌ವೇರ್‌ನವನಿಗೆ ಫೋನ್ ಮಾಡಿದೆ.
“ಎರಡು ದಿನ ಮೇಡಂ, ಅಭ್ಯಾಸ ಆಗತ್ತೆ.”
“ಹನ್ನೊಂದು ವರ್ಷದ ಅಭ್ಯಾಸ ಕೈಯಲ್ಲಿ ಕೂತಿದೆಯಲ್ಲಪ್ಪ, ಅದನ್ನೆಲ್ಲಿ ಬಿಸಾಕಲಿ?”
ನಕ್ಕು ಫೋನ್ ಇಟ್ಟ.

ಮಾರ್ಚ್ ೫, ಮಧ್ಯಾಹ್ನ ೨
ಒಂದು ಬಸ್ಸಿಗೆ ಪ್ಲಾಟ್‌ಫಾರಂ ಆರರ ಬದಲು ಒಂಬತ್ತು ಒತ್ತಿದೆ. ತಕ್ಷಣ ಗೊತ್ತಾಯಿತು. ಎಂದಿನಂತೆ ಬಲಗಡೆಯ ‘ರದ್ದು’ ಒತ್ತಿದೆ. ಅಲ್ಲಿದ್ದದ್ದು ‘ಸರಿ’. ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟ ಘೋಷಣೆ ಹೊರಟೇಬಿಟ್ಟಿತು. ತಿದ್ದಿ ಹೇಳುವಷ್ಟರಲ್ಲಿ ಜನ ಎದ್ದುಬಿದ್ದು ಓಡಿದ್ದರು. ಒಬ್ಬ ಅಜ್ಜಿ ಮೆಟ್ಟಿಲಲ್ಲಿ ಬಿದ್ದರು. ಮಣಿಕಟ್ಟು ಮುರಿದಿದೆ. ಅವರ ಮಗಳು ನನ್ನ ಕೋಣೆಗೇ ನುಗ್ಗಿದಳು— “ನಿಮಗೆ ಓದೋಕೆ ಬರಲ್ವಾ?”
ಯಾವ ಆಸ್ಪತ್ರೆ ಎಂದು ಕೇಳಿ ಬರೆದುಕೊಂಡೆ.

ಮಾರ್ಚ್ ೬
ನಿಲ್ದಾಣದ ಸಾಹೇಬರಿಂದ ಮೆಮೊ ಬಂತು. ‘ಅಜಾಗರೂಕತೆ’ಯಂತೆ! ತಪ್ಪೊಪ್ಪಿಗೆಗೆ ಸಹಿ ಹಾಕಬೇಕಂತೆ. ತಪ್ಪು ಸಂಖ್ಯೆ ಒತ್ತಿದ್ದು ನಾನೇ, ಒಪ್ಪಿದೆ. ತಿದ್ದಲು ಹೋದ ಕೈಗೆ ಅಡ್ಡಗಾಲು ಹಾಕಿದ್ದು ಯಾರು? ಮನೆಯಲ್ಲಿ ಇವರು, “ಹಾಕಿ ಮುಗಿಸೇ ಅತ್ಲಾಗೆ” ಅಂದರು. ಮೈ ಉರಿಯಿತು. ಹಾಕಲ್ಲ.

ಮಾರ್ಚ್ ೮
ಆಸ್ಪತ್ರೆಗೆ ಹೋಗಿದ್ದೆ. ಮಾತಾಡಿದ ಕೂಡಲೇ ಅಜ್ಜಿ ಗುರುತು ಹಿಡಿದರು. “ನೀನೇನಾ ಆ ದನಿ? ನೀ ಹೇಳಿದೆ ಅಂತಲೇ ಓಡಿದ್ದು ಕಣಮ್ಮ.”
ಬೈದಿದ್ದರೆ ಚೆನ್ನಾಗಿತ್ತು…

ಮಾರ್ಚ್ ೧೧
ಹದಿನಾಲ್ಕು ವಿಂಡೋಗಳನ್ನೂ ಪೆನ್ಸಿಲ್‌ನಲ್ಲಿ ಬರೆದು ಸಾಹೇಬರ ಮೇಜಿನ ಮೇಲೆ ಹರಡಿದೆ. ‘ರದ್ದು’ ಐದರಲ್ಲಿ ಎಡಕ್ಕೆ, ಎಂಟರಲ್ಲಿ ಬಲಕ್ಕೆ, ಒಂದರಲ್ಲಿ ಇಲ್ಲವೇ ಇಲ್ಲ. ಅವರು ಕರೆಸಿದ್ದ ಸಾಫ್ಟ್‌ವೇರ್‌ನವನು ತಡವರಿಸಿದ— “ಒಂದೊಂದನ್ನ ಒಂದೊಂದು ಟೀಮ್ ಮಾಡಿದ್ದು ಸಾರ್.”
“ಎಲ್ಲಾನೂ ಒಟ್ಟಿಗೆ ಇಟ್ಟು ನೋಡಿದ್ದು ಯಾರಪ್ಪ?” ಅಂದೆ.
ಸಾಹೇಬರು ಮೆಮೊ ಹರಿದರು. ಇನ್ನು ಮುಂದೆ ಏನು ಬದಲಾಯಿಸಿದರೂ ಮೊದಲು ನಾನು ನೋಡಿ ಒಪ್ಪಬೇಕಂತೆ.

ಮಾರ್ಚ್ ೨೪, ಬೆಳಿಗ್ಗೆ ೧೧
ಸಾಫ್ಟ್‌ವೇರ್‌ನವನು ತಿದ್ದಿದ್ದನ್ನು ತಂದಿದ್ದಾನೆ. ಬಟನ್‌ಗಳು ಸಾಲಾಗಿವೆ, ನಿಜ. ಆದರೆ ಅಕ್ಷರ ಸಾಸಿವೆಯಷ್ಟು. ಗುರುತು ಹಾಕುತ್ತ ಹೋದೆ.
“ಇಷ್ಟಕ್ಕೆಲ್ಲ ನಿಲ್ಲಿಸೋಕಾಗತ್ತಾ ಮೇಡಂ?”
“ಆಗತ್ತೆ. ಕೂತ್ಕೋ.”
ಚಹಾ ಬಂತೆಂದು ಇಷ್ಟು ಬರೆದೆ. ಅವನು ಎದುರಿಗೇ ಕೂತಿದ್ದಾನೆ, ಮುಖ ಊದಿಸಿಕೊಂಡು. ಇನ್ನೂ ಏಳು ವಿಂಡೋ ಉಳಿದಿವೆ. ಚಹಾ ಮುಗಿಯಿತು, ಎಂಟನೆಯದನ್ನು ತೆರೆಯಬೇಕು.