ಮೂರನೇ ಬೋಗಿಯ ತಗ್ಗುಗಳು

ನಮ್ಮ ಉಪನಗರ ರೈಲುಗಳ ಭಾಗ್ಯವಿಧಾತರಾದ ಮಾನ್ಯರೇ,

ನಿವೃತ್ತಿಯಾದ ಹಳದಿ ವಿದ್ಯುತ್ ರೈಲಿನ ಮೂರನೇ ಬೋಗಿಯನ್ನು ನಿಮ್ಮ ಕಚೇರಿಯ ಅಂಗಳದಲ್ಲಿ ನಿಲ್ಲಿಸಿ ‘ಪರಂಪರೆ’ ಎಂದು ಫಲಕ ಹಾಕಿದ್ದೀರಿ. ಸಂತೋಷ. ಆದರೆ ಒಳಗೋಡೆಯ ತಗಡಿನಲ್ಲಿದ್ದ ತಗ್ಗುಗಳನ್ನೆಲ್ಲ ಸಮ ಮಾಡಿಸಿ ಬಣ್ಣ ಬಳಿಸಿದ್ದೀರಲ್ಲ, ಅದೇಕೆ? ಪರಂಪರೆ ಇದ್ದದ್ದೇ ಆ ತಗ್ಗುಗಳಲ್ಲಿ ಸ್ವಾಮಿ. ನಮ್ಮ ಮಾಮೆಲೋಡಿ ಬಡಾವಣೆಯ ಜನ ಪ್ರಿಟೋರಿಯಾ ನಗರಕ್ಕೆ ಕೆಲಸಕ್ಕೆ ಹೋಗುತ್ತ ಇಪ್ಪತ್ತು ವರ್ಷ ಬೆಳಗಿನ ಪ್ರಾರ್ಥನೆ ಮಾಡಿದ್ದು ಆ ಬೋಗಿಯಲ್ಲಿ. ಡೋಲು ಇರಲಿಲ್ಲ, ಗೋಡೆ ಬಡಿದು ಹಾಡಿದರು.

ಆ ರೈಲೇನು ಪುಷ್ಪಕ ವಿಮಾನವಲ್ಲ, ಒಪ್ಪುತ್ತೇನೆ. ಬಾಗಿಲು ಮುಚ್ಚುತ್ತಿರಲಿಲ್ಲ, ಮಳೆ ಬಂದರೆ ಒಳಗೂ ಕೊಡೆ ಹಿಡಿಯಬೇಕಿತ್ತು, ನಡುದಾರಿಯಲ್ಲಿ ನಿಂತರೆ ಮತ್ತೆ ಹೊರಡಲು ಅದಕ್ಕೇ ಮನಸ್ಸಾಗಬೇಕಿತ್ತು. ನನಗೆ ದೇವರಲ್ಲಿ ನಂಬಿಕೆಯೂ ಇಲ್ಲ. ಒಂದು ಚಳಿಗಾಲ, ಜನ ಹೆಚ್ಚಿದ್ದರೆ ಬೆಚ್ಚಗಿರುತ್ತದೆಂದು ಆ ಬೋಗಿ ಹತ್ತಿದವನು ಆಮೇಲೆ ಬದಲಿಸಲೇ ಇಲ್ಲ.

ಹೊಸ ರೈಲು ತಂದಿರಿ. ತಣ್ಣನೆಯ ಗಾಳಿ, ನಿಲ್ದಾಣದ ಹೆಸರನ್ನು ಹೆಣ್ಣಿನ ಇಂಪಾದ ದನಿಯಲ್ಲಿ ಉಸುರುವ ಯಂತ್ರ, ಪಕ್ಕದಲ್ಲೇ ಒಂದು ಸೂಚನೆ: ಬೋಧನೆ, ಹಾಡು, ಗೋಡೆ ಬಡಿಯುವುದು ನಿಷಿದ್ಧ. ಮೊದಲ ದಿನವೇ ನಿಮ್ಮ ಕಾವಲುಗಾರ, ಹಾಡು ಎತ್ತಿಕೊಡುತ್ತಿದ್ದ ರಮೊಕೊನೆ ಅಮ್ಮನನ್ನು ತಡೆದ.

“ಇಪ್ಪತ್ತು ವರ್ಷದ ಅಭ್ಯಾಸ ಕಣಪ್ಪ, ಕೈ ತಾನಾಗೇ ಬಡಿಯುತ್ತೆ,” ಎಂದರು ಆಕೆ. “ಬೇಕಾದ್ರೆ ಅದೊಂದನ್ನೇ ಠಾಣೆಗೆ ಕರ್ಕೊಂಡು ಹೋಗು.”

ಅವನು ಆಕೆಯನ್ನೇ ಕೆಳಗಿಳಿಸಿದ. ಗುಂಪು ಚದುರಿತು. ಕೆಲವರು ವ್ಯಾನು ಹಿಡಿದರು, ಉಳಿದವರು ಸಿಕ್ಕ ಬೋಗಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರು. ನೀವು ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿರಿ.

ಮಲೆಸೆಲಾ ತಾತ ನಿಮಗೆ ಗೊತ್ತಿರಲಾರರು. ಕಣ್ಣು ಕಾಣದ ಒಂಟಿ ಮನುಷ್ಯ, ಬುಟ್ಟಿ ಹೆಣೆಯುವವರು. ಯಾವ ಹಾಡು ಮುಗಿದ ಮೇಲೆ ಇಳಿಯಬೇಕೆಂದು ಅವರಿಗೆ ಗೊತ್ತಿತ್ತು. ಒಂದು ಬೆಳಗ್ಗೆ ಅವರು ಬಾರದಿದ್ದರೆ ಸಂಜೆಗೆ ರಮೊಕೊನೆ ಅಮ್ಮ ಮೆಕ್ಕೆಜೋಳದ ಗಂಜಿ ಹಿಡಿದು ಅವರ ಬಾಗಿಲಲ್ಲಿರುತ್ತಿದ್ದರು. ಗುಂಪು ಚದುರಿದ ಮೇಲೆ, ಕಳೆದ ಚಳಿಗಾಲದಲ್ಲಿ, ತಾತ ಮನೆಯೊಳಗೇ ಬಿದ್ದು ಸೊಂಟ ಮುರಿದುಕೊಂಡರು. ಎರಡು ದಿನ ನೆಲದ ಮೇಲೇ ಬಿದ್ದಿದ್ದರು. ಬೇರೆ ಬೋಗಿಯಲ್ಲಿರಬಹುದೆಂದು ನಾವೆಲ್ಲ ಅಂದುಕೊಂಡೆವು.

ಆಸ್ಪತ್ರೆಯಲ್ಲಿ ನಾನು ನಿಮ್ಮ ಪರವಾಗಿಯೇ ವಾದಿಸಿದೆ, ನಿಲ್ದಾಣ ಹೇಳಲು ಈಗ ಯಂತ್ರವಿದೆಯಲ್ಲ ಎಂದು.

“ಆ ಹುಡುಗಿ ಹೆಸ್ರು ಸರಿಯಾಗೇ ಹೇಳ್ತಾಳಪ್ಪ,” ಎಂದರು ತಾತ. “ನಾನು ಬರ್ಲಿಲ್ಲ ಅಂದ್ರೆ ಯಾಕೆ ಬರ್ಲಿಲ್ಲ ಅಂತ ಕೇಳಲ್ಲ, ಅಷ್ಟೇ.”

ಅದನ್ನೂ ಯಂತ್ರಕ್ಕೆ ಕಲಿಸಲು ಟೆಂಡರು ಕರೆಯುತ್ತೀರಾ?

ಹಳೆಯ ರೈಲು ನಮಗೆ ಬೇಡ, ನಿಮ್ಮ ಅಂಗಳದಲ್ಲೇ ಹೊಳೆಯಲಿ. ಹೊಸ ರೈಲಿನ ಮೂರನೇ ಬೋಗಿಯಿಂದ ಆ ಸೂಚನೆಯನ್ನು ಕಿತ್ತು ಹಾಕಿ, ಇಷ್ಟೇ ಬೇಡಿಕೆ. ಬರುವ ಸೋಮವಾರ ತಾತ ಊರುಗೋಲು ಹಿಡಿದು ಮತ್ತೆ ಕೆಲಸಕ್ಕೆ ಹೊರಡುತ್ತಾರೆ. ಸೂಚನೆ ಇರಲಿ ಬಿಡಲಿ, ನಾವು ಹಾಡುತ್ತೇವೆ. ಪ್ಲಾಸ್ಟಿಕ್ ಗೋಡೆಯಿಂದ ಸದ್ದು ಅಷ್ಟೇನೂ ಏಳುವುದಿಲ್ಲ, ಆದರೂ ಬಡಿಯುತ್ತೇವೆ. ಕಾವಲುಗಾರನನ್ನು ಕಳಿಸುವುದಾದರೆ ದಪ್ಪ ದನಿಯವನನ್ನು ಕಳಿಸಿ, ನಮ್ಮಲ್ಲಿ ಅಂಥವರು ಕಡಿಮೆ. ಅವನು ಒಂದು ದಿನ ಬಾರದಿದ್ದರೆ ಸಂಜೆಗೆ ಅವನ ಮನೆಗೂ ಹೋಗಿ ವಿಚಾರಿಸುತ್ತೇವೆ.

ಇಂತಿ,
ದೇವರನ್ನು ನಂಬದ, ಹಾಡಲೂ ಬಾರದ ಮೂರನೇ ಬೋಗಿಯವ,
ಲೆಸಿಬಾ ಲೆಡ್ವಾಬಾ, ಮಾಮೆಲೋಡಿ