ಏಳನೇ ಕಟ್ಟಡದ ಬೀಗ, ಅಮಾನ್‌ಜೋಲರ ನಾಲ್ಕು ಬೆರಳು

ನಗರ ಶಾಖ ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳೇ,

ತಾವು ಬೆಚ್ಚಗಿದ್ದೀರೆಂದು ಭಾವಿಸಿದ್ದೇನೆ. ಕಳೆದ ಗುರುವಾರ ತಮ್ಮ ಕಚೇರಿಯ ಮೊಹರು ಹೊತ್ತ ನೋಟಿಸೊಂದು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿಗೆ ಬಂದು ತಲುಪಿತು. ಎಡಗಾಲಿನ ನಾಲ್ಕು ಬೆರಳು ಕಳೆದುಕೊಂಡು ಅಲ್ಲಿ ಮಲಗಿರುವ ಅರವತ್ತೇಳು ವರ್ಷದ ಅಮಾನ್‌ಜೋಲ್ ಅವರು, ‘ನೆಲಮಾಳಿಗೆಯ ಬೀಗ ಒಡೆದು, ಸಾರ್ವಜನಿಕ ಶಾಖ ವ್ಯವಸ್ಥೆಯಲ್ಲಿ ಅನಧಿಕೃತವಾಗಿ ಕೈಯಾಡಿಸಿ, ನೀರನ್ನು ಪೋಲು ಮಾಡಿದ’ ಆರೋಪಕ್ಕೆ ಹತ್ತು ದಿನಗಳೊಳಗೆ ಖುದ್ದಾಗಿ ಹಾಜರಾಗಿ ಉತ್ತರ ಕೊಡಬೇಕಂತೆ. ಖುದ್ದಾಗಿ! ನಡೆದು ಬರಬೇಕೋ, ನಾವು ನಾಲ್ಕು ಜನ ಹೊತ್ತು ತರಬೇಕೋ ಎಂಬುದನ್ನು ಮಾತ್ರ ತಮ್ಮ ಗುಮಾಸ್ತರು ಬರೆಯಲು ಮರೆತಿದ್ದಾರೆ.

ನನ್ನ ಹೆಸರು ಕುಲಾಶ್. ಅದೇ ಏಳನೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದೇನೆ. ಊರಾಚೆಯ ಹವಾಮಾನ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಎಂಟು ಸಲ ಉಷ್ಣಮಾಪಕ ನೋಡಿ ಬರೆದಿಟ್ಟು ನಿವೃತ್ತಳಾದವಳು. ಹಾಗಾಗಿ ಪತ್ರಿಕೆಯಲ್ಲಿ ತಾವು ಕೊಟ್ಟ ಹೇಳಿಕೆ ಓದಿದಾಗ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ‘ಹಠಾತ್ತಾಗಿ, ಊಹೆಗೂ ಮೀರಿ ಬಂದ ಚಳಿ’ ಎಂದಿದ್ದೀರಿ. ಜನವರಿ ಹದಿನಾಲ್ಕರಂದು ಸೊನ್ನೆಗಿಂತ ನಲವತ್ತಮೂರು ಡಿಗ್ರಿ ಕೆಳಗೆ ಇಳಿಯುತ್ತದೆಂದು ಹವಾಮಾನ ಕೇಂದ್ರ ಒಂಬತ್ತರಂದೇ ತಿಳಿಸಿತ್ತು. ಐದು ದಿನ ಮುಂಚೆ ಹೇಳಿ, ಹೇಳಿದ ದಿನವೇ ಬರುವ ಅತಿಥಿಯನ್ನು ಹಠಾತ್ತಾಗಿ ಬಂದವನೆನ್ನುತ್ತಾರೆಯೇ? ಈ ಹುಲ್ಲುಬಯಲಿನಲ್ಲಿ ಜನವರಿಯ ಚಳಿಯನ್ನು ಕಂಡು ಬೆರಗಾಗುವವರು ಇಬ್ಬರೇ: ಅದೇ ತಿಂಗಳು ಹುಟ್ಟಿದ ಮಗು ಮತ್ತು ತಮ್ಮ ಕಚೇರಿ.

ತಾವು ಸಿದ್ಧತೆಯನ್ನೇ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ. ಅಕ್ಟೋಬರಿನಲ್ಲಿ ಪ್ರತಿಯೊಂದು ಬಾಗಿಲಿಗೂ ಹಳದಿ ಕಾಗದ ಅಂಟಿಸಿ ಹೋದಿರಿ. ‘ತೀವ್ರ ಚಳಿಗೆ ನಿಮ್ಮ ಮನೆಯನ್ನು ಸಜ್ಜುಗೊಳಿಸಿ’ ಎಂಬ ತಲೆಬರಹ, ಕೆಳಗೆ ಹತ್ತು ಸೂಚನೆಗಳು. ನಾವು ಒಂದನ್ನೂ ಬಿಡಲಿಲ್ಲ. ಕಿಟಕಿಯ ಸಂದುಗಳಿಗೆ ಹತ್ತಿ ತುಂಬಿ ಮೇಲೆ ಸಾಬೂನು ಹಚ್ಚಿದ ಬಟ್ಟೆಪಟ್ಟಿ ಅಂಟಿಸಿದೆವು. ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಹಿಂದೆ ಬೆಳ್ಳಿಕಾಗದ ಹಾಕಿದೆವು. ನಮ್ಮತ್ತೆಯ ಗುಡಾರದ ಹಳೆಯ ಉಣ್ಣೆಹಾಸುಗಳನ್ನು ಅಟ್ಟದಿಂದಿಳಿಸಿ ಮುಂಬಾಗಿಲಿಗೆ ಎರಡು ಪದರ ಹೊಡೆದೆ. ಹೆರಿಗೆಯ ದಿನ ಎಣಿಸುತ್ತಿದ್ದ ನೆಲಮಹಡಿಯ ಹುಡುಗಿ ಇಂಕಾರಳ ಮನೆಗೂ ಹೋಗಿ ಗೋಡೆಗೆ ರತ್ನಗಂಬಳಿ ತೂಗುಹಾಕಿ ಬಂದೆ. ಅವಳ ಗಂಡ ದೂರದ ತೈಲಬಾವಿಯಲ್ಲಿ ಪಾಳಿಯ ಕೆಲಸದಲ್ಲಿದ್ದ. ಏಳನೆಯ ಸೂಚನೆ ನನಗೆ ಕಂಠಪಾಠವಾಗಿದೆ: ‘ಶಾಖ ನಿಂತ ಸಂದರ್ಭದಲ್ಲಿ ನಿವಾಸಿಗಳು ಶಾಂತವಾಗಿದ್ದು ತಂಡದ ಆಗಮನಕ್ಕೆ ಕಾಯತಕ್ಕದ್ದು.’

ನಮ್ಮ ಮನೆಯನ್ನು ನಾವು ಸಜ್ಜುಗೊಳಿಸಿದೆವು. ನಿಮ್ಮ ಮನೆ? ಅಂದರೆ, ಪ್ರತಿ ಕಟ್ಟಡದ ನೆಲಮಾಳಿಗೆ ತಮ್ಮದಲ್ಲವೇ? ಅಕ್ಟೋಬರ್ ಕೊನೆಯಲ್ಲಿ ತಮ್ಮ ತಪಾಸಣಾಧಿಕಾರಿ ಬಂದಾಗ ನಾನೂ ಅಮಾನ್‌ಜೋಲರೂ ಅಂಗಳದಲ್ಲೇ ಇದ್ದೆವು. ಅಮಾನ್‌ಜೋಲ್ ಮೂವತ್ತೊಂದು ವರ್ಷ ತಮ್ಮದೇ ಬಾಯ್ಲರ್ ಮನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ಆ ಮನುಷ್ಯನನ್ನು ತಡೆದು ನಿಲ್ಲಿಸಿದರು.

“ತಮ್ಮಾ, ಹನ್ನೆರಡು ಮೆಟ್ಲು ಇಳಿದು ನೋಡಪ್ಪ. ವಾಲ್ವುಗಳೆಲ್ಲ ತುಕ್ಕು ಹಿಡ್ದು ಕೂತಿವೆ. ನೀರು ಹೋಗೋ ಮೋರಿ ಕಟ್ಕೊಂಡಿದೆ. ನಾಳೆ ಅವಸರಕ್ಕೆ ನೀರು ಇಳಿಸ್ಬೇಕಾದ್ರೆ ಒಂದೂ ತಿರುಗಲ್ಲ.”

“ಅಗಾ, ಕೆಳಗೆ ಕತ್ತಲೆ. ನನ್ನ ಬೂಟು ಹೊಸದು,” ಎಂದ ಅಧಿಕಾರಿ, ಹಿರಿಯಣ್ಣನನ್ನು ಕರೆದಷ್ಟೇ ವಿನಯದಿಂದ. ನಿಂತಲ್ಲೇ ‘ಚಳಿಗಾಲಕ್ಕೆ ಸಿದ್ಧ’ ಎಂದು ಬರೆದು ಸಹಿ ಹಾಕಿದ.

ನಾವು ಲಿಖಿತ ದೂರು ಕೊಟ್ಟೆವು. ಎರಡು ವಾರದ ಮೇಲೆ ತಮ್ಮಿಂದ ಒಬ್ಬ ಬಂದ. ವಾಲ್ವು ಸರಿಪಡಿಸಲು ಬಂದನೆಂದು ಇಂಕಾರ್ ಅವನಿಗೆ ಹಾಲು ಬೆರೆಸಿದ ಬಿಸಿ ಚಹಾ ಕೊಟ್ಟಳು. ಅವನು ಚಹಾ ಕುಡಿದು, ನೆಲಮಾಳಿಗೆಯ ಬಾಗಿಲಿಗೆ ಹೊಸ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿ ಹೋದ. ದೂರಿಗೆ ಸಿಕ್ಕ ಪರಿಹಾರ ಅದೇ.

ಹದಿನಾಲ್ಕರ ಬೆಳಿಗ್ಗೆ ಹತ್ತು ನಲವತ್ತಕ್ಕೆ ರೇಡಿಯೇಟರಿನ ಗುಳುಗುಳು ಸದ್ದು ನಿಂತಿತು. ಕಟ್ಟಡಗಳಿಗೆ ಬಿಸಿನೀರು ತಳ್ಳುವ ಬಾಯ್ಲರ್ ಮನೆಯ ಪಂಪು ಸುಟ್ಟುಹೋಗಿತ್ತು. ಬದಲಿ ಪಂಪು ಆಗಸ್ಟಿನಲ್ಲಿ ರಿಪೇರಿಗೆಂದು ಹೋದದ್ದು ಮರಳಿಯೇ ಇರಲಿಲ್ಲ. ಇದನ್ನು ನನಗೆ ಹೇಳಿದವರು ತಮ್ಮ ಕೆಲಸಗಾರರೇ. ಅವರ ಹೆಸರು ಕೇಳಬೇಡಿ, ಹೇಳುವುದಿಲ್ಲ. ಹನ್ನೊಂದೂವರೆಗೆ ನನ್ನ ಕೋಣೆಯಲ್ಲಿ ಹದಿನಾರು ಡಿಗ್ರಿ. ಹನ್ನೆರಡೂವರೆಗೆ ಹದಿಮೂರು. ಮೆಟ್ಟಿಲ ಬಳಿಯ ರೇಡಿಯೇಟರಿನ ಮೇಲೆ ಕೈಯಿಟ್ಟರೆ ಕಬ್ಬಿಣ ಬೆರಳನ್ನು ಕೊರೆಯುತ್ತಿತ್ತು. ಆ ದಿನದ ಅಂಕಿಗಳನ್ನೆಲ್ಲ ಗಂಟೆಗಂಟೆಗೂ ಬರೆದಿಟ್ಟಿದ್ದೇನೆ. ಹಳೆಯ ಅಭ್ಯಾಸ.

ತಮ್ಮ ತುರ್ತು ಸಂಖ್ಯೆಗೆ ನಾನೇ ಫೋನ್ ಮಾಡಿದೆ.

“ಅಪಾ, ನಿಮ್ದೊಂದೇ ಕಟ್ಟಡ ಅಲ್ಲ, ಹನ್ನೊಂದು ಕಟ್ಟಡ ಇದೆ. ತಂಡ ಬರತ್ತೆ, ಕಾಯಿರಿ,” ಎಂದಳು ಒಬ್ಬ ಹುಡುಗಿ, ಸ್ವಂತ ಅಕ್ಕನಿಗೆ ಹೇಳುವಂತೆ.

“ಎಷ್ಟು ಹೊತ್ತು ಕಾಯ್ಬೇಕಮ್ಮ?”

“ನಿಯಮದ ಪ್ರಕಾರ ನಾಲ್ಕು ಗಂಟೆ.”

“ಆ ನಿಯಮ ನೀರಿಗೆ ಗೊತ್ತಿದೆಯೇನೇ? ನಾಲ್ಕು ಗಂಟೇಲಿ ಅದು ಪೈಪಲ್ಲೇ ಕಲ್ಲಾಗತ್ತೆ!”

“ಅಪಾ, ಶಾಂತವಾಗಿರಿ.” ಪಾಪ, ಅವಳೂ ಏಳನೆಯ ಸೂಚನೆಯನ್ನು ಓದಿಕೊಂಡಿದ್ದಳು.

ಫೋನ್ ಇಟ್ಟು ತಿರುಗಿದರೆ ಅಮಾನ್‌ಜೋಲ್ ಉಣ್ಣೆಯ ಬೂಟು ಮೆಟ್ಟಿ, ಕೈಯಲ್ಲಿ ಪಾನಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಕುಲಾಶ್, ನೀರು ಹೆಪ್ಪುಗಟ್ಟಿದ್ರೆ ನಲವತ್ತು ಮನೆ ಪೈಪೂ ಸೀಳತ್ತೆ. ಆಮೇಲೆ ಪಂಪು ಬಂದ್ರೂ ಅಷ್ಟೇ, ಸೂರ್ಯ ಕೆಳಗಿಳಿದು ಬಂದ್ರೂ ಅಷ್ಟೇ, ವಸಂತದ ತನಕ ಈ ಕಟ್ಟಡ ಹೆಣ. ಎಲ್ಲಾ ಇಳಿಸಿಬಿಡ್ಬೇಕು. ಬೀಗ ಒಂದು ಅಡ್ಡ ಇದೆ.”

“ಅಗಾ, ನಿಮ್ಮ ಭುಜ ನೋಯ್ತಿದೆ. ಆ ಕೆಲಸ ನನಗೆ ಬಿಡಿ,” ಎಂದೆ. ಅಂಗಳದ ಮಂಜುಗಡ್ಡೆ ಒಡೆಯುವ ಹಾರೆ ಮೆಟ್ಟಿಲ ಕೆಳಗಿತ್ತು. ಬೀಗ ಒಡೆದದ್ದು ಈ ಅರವತ್ತೆರಡು ವರ್ಷದ ಹೆಂಗಸು. ಮೂರು ಏಟು ಬೇಕಾಯಿತು. ಆ ಕಟ್ಟಡದಲ್ಲಿ ತಾವು ಕೊಟ್ಟ ಗಟ್ಟಿಮುಟ್ಟಾದ ವಸ್ತು ಅದೊಂದೇ ಎಂದು ಒಪ್ಪಿಕೊಳ್ಳುತ್ತೇನೆ.

ಕೆಳಗೆ ಅಮಾನ್‌ಜೋಲ್ ಹೇಳಿದ್ದೆಲ್ಲ ನಿಜವಾಗಿತ್ತು. ಮುಖ್ಯ ವಾಲ್ವು ಮುಚ್ಚಲು ಇಪ್ಪತ್ತು ನಿಮಿಷ. ನಂತರ ಒಂದೊಂದೇ ಕೊಳವೆಯ ತಿರುಪು ಬಿಚ್ಚಿ ನೀರಿಳಿಸಬೇಕು. ಮೋರಿ ಕಟ್ಟಿದ್ದರಿಂದ ಇಳಿದ ನೀರು ಅಲ್ಲೇ ನಿಂತು ಅವರ ಮೊಣಕಾಲಿಗೆ ಬಂತು. ನಾನು ಮೆಟ್ಟಿಲ ಮೇಲೆ ಟಾರ್ಚು ಹಿಡಿದು ನಿಂತಿದ್ದೆ. “ಸಾಕು, ಮೇಲೆ ಬನ್ನಿ, ಬೂಟೆಲ್ಲ ನೆನೀತು,” ಎಂದು ಕೂಗಿದರೆ, “ಸಂಬಳ ಇಲ್ಲದ ಕೆಲಸಕ್ಕೆ ಮೇಲ್ವಿಚಾರಕಿ ಬೇರೆ!” ಎಂದು ಬೈದರು. ಎರಡು ಗಂಟೆ ಹತ್ತು ನಿಮಿಷಕ್ಕೆ ಕೊನೆಯ ಕೊಳವೆಯೂ ಖಾಲಿಯಾಯಿತು.

ಅವರು ಬೂಟು ಬದಲಿಸಲು ಮನೆಗೆ ಹೊರಟಿದ್ದವರೇ. ಅಷ್ಟರಲ್ಲಿ ಒಂಬತ್ತನೇ ಕಟ್ಟಡದಿಂದ ನನ್ನ ತಂಗಿ ಓರಿನ್ಶಾ ಓಡಿ ಬಂದಳು. “ಅಗಾ, ನಮ್ಮಲ್ಲಿ ಇನ್ನೂ ಯಾರೂ ಬಂದಿಲ್ಲ. ಮೆಟ್ಟಿಲ ಹತ್ರ ಪೈಪು ಟಕಟಕ ಅಂತಿದೆ!” ಅಮಾನ್‌ಜೋಲ್ ನನ್ನ ಮುಖ ನೋಡಲಿಲ್ಲ, ನೋಡಿದ್ದರೆ ತಡೆಯುತ್ತೇನೆಂದು ಅವರಿಗೆ ಗೊತ್ತಿತ್ತು. ಒದ್ದೆ ಬೂಟಿನಲ್ಲೇ ಇನ್ನೂರು ಹೆಜ್ಜೆ ನಡೆದರು. ಹಿಂದೆ ನಾವಿಬ್ಬರು.

ಅಲ್ಲಿ ನೆಲಮಾಳಿಗೆಯ ಬಾಗಿಲ ಮುಂದೆ, ಕೊನೆಗೂ, ತಮ್ಮ ತಂಡ ಬಂದು ನಿಂತಿತ್ತು. ತಂಡವೆಂದರೆ ಒಬ್ಬ ಮೇಸ್ತ್ರಿ ಮತ್ತು ಒಂದು ಗಾಡಿ. ಕೀಲಿ ಅವನ ಕೈಯಲ್ಲೇ ಇತ್ತು.

“ಬಾಗಿಲು ತೆಗಿ, ನೀರಿಳಿಸ್ಬೇಕು,” ಎಂದರು ಅಮಾನ್‌ಜೋಲ್.

“ಆಗಲ್ಲ ಅಗಾ. ಮೇಲಿಂದ ಆದೇಶ ಬರ್ಲಿ.”

“ಹಾಗಾದ್ರೆ ಫೋನ್ ಮಾಡಿ ಕೇಳು.”

“ಮಾಡ್ದೆ. ಸಾಹೇಬ್ರು ಮೀಟಿಂಗಲ್ಲಿದಾರೆ.”

ಯಾವ ಸಭೆಯೆಂದು ಮರುದಿನದ ಪತ್ರಿಕೆಯಿಂದ ತಿಳಿಯಿತು: ‘ತೀವ್ರ ಚಳಿ ಎದುರಿಸುವ ಸಿದ್ಧತೆಗಳ ಪರಿಶೀಲನೆ.’ ತಮ್ಮ ಭಾವಚಿತ್ರವೂ ಇತ್ತು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದಿರಿ. ತಾವು ಸಿದ್ಧತೆ ಪರಿಶೀಲಿಸುತ್ತಿದ್ದ ಆ ಹೊತ್ತಿನಲ್ಲಿ ಅಮಾನ್‌ಜೋಲ್ ಇಪ್ಪತ್ತೈದು ನಿಮಿಷ ಆ ಮೇಸ್ತ್ರಿಯೊಡನೆ ವಾದಿಸುತ್ತ, ಬೇಡುತ್ತ, ಬೈಯುತ್ತ ಸೊನ್ನೆಗಿಂತ ನಲವತ್ತಮೂರು ಡಿಗ್ರಿ ಕೆಳಗಿನ ಚಳಿಯಲ್ಲಿ ನಿಂತಿದ್ದರು. ಅವರು ಹಿಂತಿರುಗಲೆಂದು ಕಾಲೆತ್ತಿದಾಗ ಎಡ ಬೂಟು ನೆಲ ಬಿಟ್ಟು ಏಳಲಿಲ್ಲ, ಹಿಮಕ್ಕೆ ಅಂಟಿಕೊಂಡಿತ್ತು. “ಕಾಲು ಉರೀತಿತ್ತು, ಈಗ ಹಾಯಾಗಿದೆ,” ಎಂದರು. ಹಾಗೆ ಹಾಯೆನಿಸಿದರೆ ಮಾಂಸ ಸಾಯುತ್ತಿದೆಯೆಂದು ಈ ಊರಿನಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ನಾನೂ ಓರಿನ್ಶಾಳೂ ಆ ಬೂಟನ್ನು ಚಾಕುವಿನಿಂದ ಸೀಳಿ ಕಾಲು ಹೊರತೆಗೆದೆವು. ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು.

ಒಂಬತ್ತನೇ ಕಟ್ಟಡದ ಪೈಪುಗಳು ನಾಲ್ಕು ಗಂಟೆಯ ಹೊತ್ತಿಗೆ ಒಡೆಯತೊಡಗಿದವು. ಅರವತ್ತನಾಲ್ಕು ಸಂಸಾರ ಇಂದಿಗೂ ಶಾಲೆಯ ಆಟದ ಕೋಣೆಯಲ್ಲಿ ಮಲಗುತ್ತಿದೆ. ತಂಗಿಯನ್ನು ನೋಡಲು ಹೋದಾಗ ಅವಳು ಹೇಳಿದ ಮಾತು ನನ್ನೆದೆಯಲ್ಲಿ ಕೂತಿದೆ: “ಅಕ್ಕಾ, ಆ ಹಳದಿ ಕಾಗದದ ಹತ್ತೂ ಪಾಲಿಸಿದ್ದೆ ಕಣೇ. ಶಾಂತವಾಗೂ ಇದ್ದೆ.”

ನಮ್ಮ ಕಟ್ಟಡದಲ್ಲೂ ಮೂರು ದಿನ ಶಾಖವಿರಲಿಲ್ಲ. ಹತ್ತೊಂಬತ್ತು ಜನ ನನ್ನ ಒಂದೇ ಕೋಣೆಯಲ್ಲಿ ಉಳಿದೆವು. ಬಾಗಿಲ ಉಣ್ಣೆಹಾಸುಗಳನ್ನು ಕಿತ್ತು ಸೂರಿನಿಂದ ಇಳಿಬಿಟ್ಟು ಕೋಣೆಯೊಳಗೇ ಗುಡಾರ ಕಟ್ಟಿದೆವು. ಒಂದು ವಿದ್ಯುತ್ ಒಲೆ, ಒಂದು ಹಂಡೆ ಕುದುರೆಮಾಂಸದ ಸಾರು, ನಡುವೆ ಇಂಕಾರಳ ಇಪ್ಪತ್ತು ದಿನದ ಹೆಣ್ಣುಮಗು. ಒಳಗಿನ ಉಷ್ಣಾಂಶ ಒಂಬತ್ತಕ್ಕಿಂತ ಕೆಳಗಿಳಿಯಲು ನಾವು ಬಿಡಲಿಲ್ಲ. ನಾಲ್ಕನೇ ದಿನ ಪಂಪು ಬಂತು, ನೀರು ತುಂಬಿತು, ಒಂದು ಹನಿಯೂ ಸೋರಲಿಲ್ಲ. ಸಂಜೆಗೆ ನಲವತ್ತೂ ಮನೆ ಬೆಚ್ಚಗಾದವು. ಯಾಕೆಂದು ತಮ್ಮ ಇಂಜಿನಿಯರುಗಳನ್ನು ಕೇಳಿ. ಅವರು ನಾಚದೆ ಹೇಳುವಂಥವರಾದರೆ.

ಈಗ ವಿಚಾರ ಮಾಡಿ ಮಾನ್ಯರೇ. ತಮ್ಮ ಮಾತು ಕೇಳಿದ ಕಟ್ಟಡ ಸತ್ತಿತು, ಕೇಳದ ಕಟ್ಟಡ ಬದುಕಿತು. ಬದುಕಿಸಿದವರಿಗೆ ನೋಟಿಸು. ‘ಸಿದ್ಧ’ ಎಂದು ಸಹಿ ಹಾಕಿದವನಿಗೆ? ಬದಲಿ ಪಂಪನ್ನು ಮರೆತವರಿಗೆ? ಕೀಲಿ ಹಿಡಿದು ಸುಮ್ಮನೆ ನಿಲ್ಲುವಂತೆ ಆ ಮೇಸ್ತ್ರಿಯನ್ನು ಪಳಗಿಸಿದವರಿಗೆ? ನಾನು ಆ ಬಡಪಾಯಿಯನ್ನು ದೂರುವುದಿಲ್ಲ. ಅವನೂ ಚಳಿಯಲ್ಲೇ ನಿಂತಿದ್ದ, ಕೊನೆಗೆ ಅಳುತ್ತಿದ್ದ.

ನೋಟಿಸನ್ನು ಅಮಾನ್‌ಜೋಲರಿಗೆ ಓದಿ ಹೇಳಿದವಳು ನಾನೇ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. “ನೀರು ಪೋಲಾಯ್ತಂತಾ? ನನ್ನ ಬೂಟಲ್ಲಿ ಒಂದಿಷ್ಟಿತ್ತು. ವಾಪಸ್ ಕೊಡೋಣ ಅಂದ್ರೆ ನೀನೇ ಸೀಳಿ ಚೆಲ್ಬಿಟ್ಟೆ,” ಎಂದರು. ಪಕ್ಕದ ಹಾಸಿಗೆಯವರೆಲ್ಲ ನಕ್ಕರು. ಆಮೇಲೆ ದನಿ ತಗ್ಗಿಸಿ, “ಬೀಗ ಒಡೆದದ್ದೂ ನಾನೇ ಅಂತ ಕಚೇರಿಯವರ ಹತ್ರ ಬರೆಸಿದೀನಿ. ನೀನು ಬಾಯಿ ಮುಚ್ಕೊಂಡಿರು,” ಎಂದರು. ಮೂವತ್ತು ವರ್ಷದ ನೆರೆಹೊರೆಯಲ್ಲಿ ಅವರು ಹೇಳಿದ್ದನ್ನು ನಾನು ಮೀರಿದ್ದು ಇದೇ ಮೊದಲು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ನೋಟಿಸನ್ನು ಹಿಂಪಡೆಯಿರಿ. ಹಿಂಪಡೆದೆವೆಂದು ಅಂಚೆಯಲ್ಲಿ ಕಳಿಸಬೇಡಿ. ತಾವೇ ಆಸ್ಪತ್ರೆಗೆ ಬಂದು, ಆ ಮಂಚದ ಪಕ್ಕ ನಿಂತು ಹೇಳಿ. ಒಂಬತ್ತನೇ ಕಟ್ಟಡದ ಪೈಪು ಬದಲಿಸುವ ದಿನಾಂಕವನ್ನು ಈ ವಾರವೇ ಪ್ರಕಟಿಸಿ. ಹನ್ನೊಂದೂ ಕಟ್ಟಡಗಳ ನೆಲಮಾಳಿಗೆಯ ಒಂದೊಂದು ಕೀಲಿಯನ್ನು ಅಲ್ಲಿ ವಾಸಿಸುವವರ ಕೈಗೆ ಕೊಡಿ. ಇದೊಂದೂ ಆಗದಿದ್ದರೆ, ತಮ್ಮ ದೂರನ್ನಾದರೂ ಸರಿಯಾಗಿ ಬರೆಯಿರಿ. ಅದರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ನನ್ನ ಎರಡೂ ಕಾಲು ಗಟ್ಟಿಯಾಗಿವೆ, ಯಾವ ದಿನ ಕರೆದರೂ ಖುದ್ದಾಗಿ ನಡೆದು ಬರುತ್ತೇನೆ.

ಇಂತಿ,
ಮೂರು ಏಟಿಗೆ ತಮ್ಮ ಬೀಗ ಒಡೆದ,
ಒಂದು ಗಂಟೆ ಮೊದಲೇ ಒಡೆಯಲಿಲ್ಲವಲ್ಲ ಎಂದು ಕೊರಗುತ್ತಿರುವ
ಕುಲಾಶ್
ಏಳನೇ ಕಟ್ಟಡ, ಮೂರನೇ ಮಹಡಿ