ಕಮಲಾಪುರದ ಕಾಳಗಕ್ಕೆ ಮುಂದಾಳು ಯಾರು

ಕಮಲಾಪುರ
ಸೋಮವಾರ, ೨೭-೯-೧೯೪೮

ಚಿರಂಜೀವಿ ತಮ್ಮ ನೀಲಕಂಠನಿಗೆ ಅಕ್ಕ ಬಂಡೆಮ್ಮನ ಆಶೀರ್ವಾದ.

ಇಂದು ಸೋಮವಾರದ ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ರಜಾಕಾರರ ಮೇಲೆ ಹುಡುಗರ ದಂಡು ಕಟ್ಟಿಕೊಂಡು ನೀನಿದ್ದ ಗಡಿ ಕ್ಯಾಂಪಿನಲ್ಲಿ ಹತ್ತಿದ ಕೆಮ್ಮು ಈಗ ಹೇಗಿದೆ? ಕಲಬುರಗಿಗೆ ಬಂದೆನೆಂದು ಸ್ಟೇಶನ್ ಬಜಾರದ ಚಹಾದ ಮೇಲೆಯೇ ದಿನ ಕಳೆಯಬೇಡ. ಎರಡು ಹೊತ್ತು ರೊಟ್ಟಿ ತಿನ್ನು.

ನಿನ್ನ ಪತ್ರವನ್ನು ಗಾಡಿ ಹೊಡೆಯುವ ಗುಂಡಣ್ಣ ತಂದುಕೊಟ್ಟ. ಈ ಯುದ್ಧದ ಬಗ್ಗೆ ಪುಸ್ತಕ ಬರೆಯುತ್ತಿದ್ದೀಯಂತೆ. ಕಮಲಾಪುರದಲ್ಲಿ ಕಾಳಗ ಹೇಗಾಯಿತು, ಮುಂದಾಳು ಯಾರು ಎಂದು ಕೇಳಿದ್ದೀ. ಕಂಡದ್ದನ್ನು ಬರೆಯುತ್ತೇನೆ. ಮಿಲಿಟರಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು. ಎರಡು ನಿಂತವು. ಸಿಪಾಯಿಗಳು ನೀರು ಕೇಳಿದರು, ಕೊಟ್ಟೆ. ನಮ್ಮ ಕೆಂಪು ಬಾಳೆಹಣ್ಣು ಕೊಟ್ಟರೆ, ಸಿಪ್ಪೆ ನೋಡಿ ಕೆಟ್ಟಿದೆ ಎಂದು ತಿರುಗಿ ಕೊಟ್ಟರು. ಕಾಳಗ ಅಷ್ಟೇ.

ಅಪ್ಪ ಅಂಗಳದಲ್ಲಿ ಜೋಳದ ಕಾಳು ಹರಡಿ ರಕ್ಕಸಗಿ ತಂಗಡಗಿಯ ಯುದ್ಧ ಹೇಳುತ್ತಿದ್ದುದು ನೆನಪಿದೆಯೇ? ನಡುವೆ ಒಂದು ಹುಣಸೆಬೀಜ, ಅದೇ ರಾಮರಾಯ. ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ರಾಜಾ ಕಾಣಲಿಲ್ಲಂದ್ರ ದಂಡಿಗೆ ಕಣ್ಣ ಇರೂದಿಲ್ಲೋ ತಮ್ಮಾ" ಎನ್ನುತ್ತಿದ್ದ. ನೀನು ಅಳುತ್ತ ಅವನ ಬೆರಳು ಬಿಡಿಸುತ್ತಿದ್ದೆ. ಅಪ್ಪ ಅರ್ಧ ಮಾತ್ರ ಹೇಳಿದ ಎಂದು ಈಗ ಅನಿಸುತ್ತದೆ. ರಾಜ ಕಾಣದಿದ್ದರೆ ದಂಡು ಓಡುವುದೊಂದೇ ಅಲ್ಲ, ಅವನ ಹೆಸರು ಹೇಳಿಕೊಂಡು ತನಗೆ ಬೇಕಾದ ಕಡೆಗೂ ಹೋಗುತ್ತದೆ.

ಲಾರಿ ಹೋದ ಮೂರನೆಯ ದಿನ ನಮ್ಮವರೇ ಇಪ್ಪತ್ತು ಜನ ಕುಡುಗೋಲು, ಸೀಮೆಎಣ್ಣೆ ಹಿಡಿದು ನಮ್ಮ ತೋಟ ಕಾಯುವ ಮಲಂಗಸಾಬನ ಮನೆಗೆ ಬಂದರು. ಅವನೂ ಅವನ ಹೆಂಡತಿ ಇಕ್ಬಾಲ್ ಬೇಗಮಳೂ ಒಳಗಿರಲಿಲ್ಲ. ಮನೆ ಸುಟ್ಟರು. ರಜಾಕಾರರ ಕಾಟದಲ್ಲಿ ಮಲಂಗಸಾಬ ನಿನ್ನನ್ನು ನಮ್ಮ ಹಣ್ಣಿನ ಕೋಣೆಯಲ್ಲಿ ಬಾಳೆಗೊನೆಗಳ ಹಿಂದೆ ಮುಚ್ಚಿಟ್ಟು, ಯಾರೂ ಇಲ್ಲವೆಂದು ಕುರಾನಿನ ಮೇಲೆ ಆಣೆ ಮಾಡಿದ್ದ. ಸುಳ್ಳು ಆಣೆ ಮಾಡಿದೆನೆಂದು ಆಮೇಲೆ ಅತ್ತ. ಅದನ್ನೂ ಪುಸ್ತಕದಲ್ಲಿ ಬರಿ. ಮುಂದಾಳು ಯಾರೆಂದು ನಾನೂ ಕೇಳಿದೆ. ಹಿಂದಿನವರು ಮುಂದಿನವರನ್ನು ತೋರಿಸಿದರು. ಮುಂದೆ ಇದ್ದವನು ನಿನ್ನ ಕ್ಯಾಂಪಿನಲ್ಲೇ ಇದ್ದ ದೇವಿಂದ್ರಪ್ಪ. ಅವನೂ ನಾನಲ್ಲ ಎಂದ.

ಎಮ್ಮೆ ಕರು ಹಾಕಿದೆ, ಹೆಣ್ಣುಗರು. ನಿನ್ನ ಜೊತೆಯವರಿಗೆಲ್ಲ ನನ್ನ ಶರಣು ತಿಳಿಸು. ಶಿವ ನಿನಗೆ ಒಳ್ಳೆಯ ಬುದ್ಧಿ, ಬಲ ಕೊಡಲಿ.

ಇಂತಿ ನಿನ್ನ ಅಕ್ಕ
ಬಂಡೆಮ್ಮ

ತಾ.ಕ.: ಗುಂಡಣ್ಣ ಎತ್ತು ಹೂಡಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ದೇವಿಂದ್ರಪ್ಪ ನಿನ್ನೆ ಮನೆಗೇ ಬಂದಿದ್ದ. "ನಂದೇನದ ಬೇ ಅಕ್ಕಾ, ನಿಮ್ಮ ನೀಲಕಂಠಣ್ಣನ ಹುಕುಂ ಅದ. ಗುರುವಾರ ಬರ್ತೀವಿ, ಕ್ವಾಣಿ ತೆಗಿಬೇಕ ನೋಡ್ರಿ" ಎಂದ. ಮಲಂಗಸಾಬ, ಅವನ ಹೆಂಡತಿ ಇಬ್ಬರೂ ಹಣ್ಣು ಮಾಗಿಸುವ ಆ ಕೋಣೆಯಲ್ಲೇ ಇದ್ದಾರೆ, ನೀನು ಅಡಗಿದ್ದ ಮೂಲೆಯಲ್ಲೇ. ಹುಕುಂ ನಿನ್ನದಲ್ಲವಾದರೆ ಹಾಗೆಂದು ಎರಡು ಸಾಲು ನಿನ್ನ ಕೈಯಾರೆ ಬರೆದು ಸಹಿ ಹಾಕು, ಬಾಗಿಲಿಗೆ ಅಂಟಿಸುತ್ತೇನೆ. ನಿನ್ನದೇ ಆಗಿದ್ದರೆ ಏನೂ ಬರೆಯಬೇಡ. ಬಾಗಿಲಿಗೆ ಅಡ್ಡ ನಾನೇ ಕುಳಿತಿರುತ್ತೇನೆ. ಗುಂಡಣ್ಣ ಬುಧವಾರದೊಳಗೆ ತಿರುಗಿ ಬರಬೇಕು. ನಿನ್ನ ಉತ್ತರವನ್ನು ಅವನ ಕೈಯಲ್ಲೇ ಕಳಿಸು.